ಟಿವಿ ಇನ್ನೂ ಬಂದಿಲ್ಲ

ನಮ್ಮ ವಿಟ್‌ಲಾಕ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ರೆಫರಿ ಚೆಂಡನ್ನು ಮೇಲಕ್ಕೆ ಎಸೆಯುವ ಮೊದಲು ಒಮ್ಮೆ ನನ್ನ ಕಡೆ ನೋಡುತ್ತಾನೆ. ನಾನು ಎರಡು ಕೈಯನ್ನೂ ಎದೆಯ ಮೇಲೆ ಕಟ್ಟಿ ನಿಂತಿದ್ದರೆ ಟಿವಿ ಇನ್ನೂ ಬಂದಿಲ್ಲ ಎಂದು ಅರ್ಥ. ಕೈ ಇಳಿಸಿದರೆ ಆಟ ಶುರು. ನಡುವೆ ಜಾಹೀರಾತಿಗೆಂದು ಆಟ ನಿಂತಾಗಲೂ ಅಷ್ಟೇ. ಆರಡಿ ಏಳಡಿಯ ಹುಡುಗರು, ಕೋಟು ತೊಟ್ಟ ಕೋಚ್‌ಗಳು, ಮೂರು ಜನ ರೆಫರಿಗಳು, ಎಲ್ಲರೂ ಅರವತ್ತು ದಾಟಿದ ಒಬ್ಬ ಹೆಂಗಸು ಯಾವಾಗ ಕೈ ಬಿಚ್ಚುತ್ತಾಳೆ ಎಂದು ಕಾಯುತ್ತಾರೆ. ನನ್ನ ಗಂಡ ಬದುಕಿದ್ದಾಗ, ಮನೆಯಲ್ಲೂ ಇದೇ ಕಥೆ ಎನ್ನುತ್ತಿದ್ದ.

ಈ ಕೆಲಸ ಕೊಡುವುದು ಕಾಲೇಜಲ್ಲ, ಚಾನೆಲ್. ಪಂದ್ಯ ಇದ್ದ ದಿನ ಅವರ ದೊಡ್ಡ ಟ್ರಕ್ಕು ಬಂದು ಒಳಾಂಗಣದ ಹಿಂದೆ ನಿಲ್ಲುತ್ತದೆ. ಒಳಗೆ ಕೂತವರು ನನ್ನ ಕಿವಿಗೆ ಸಿಕ್ಕಿಸಿದ ಹೆಡ್‌ಫೋನಿನಲ್ಲಿ ಮಾತಾಡುತ್ತಾರೆ, ನಾನು ಅದನ್ನು ಕೈಯಲ್ಲಿ ರೆಫರಿಗೆ ಹೇಳುತ್ತೇನೆ. ಅದಕ್ಕೆ ಮೊದಲು ನಾನು ಹೈಸ್ಕೂಲಿನಲ್ಲಿ ಆಟದ ಟೀಚರು, ರಜೆಯಲ್ಲಿ ರೆಫರಿ. ಈ ಕೆಂಟಕಿಯ ನದಿ ದಂಡೆಯ ಊರುಗಳಲ್ಲಿ ನನ್ನ ಸೀಟಿಗೆ ಬೈಯದ ಮನೆತನವಿಲ್ಲ. ಹಾಗಾಗಿ ಚಾನೆಲ್‌ನವರು ಗದರಿದರೆ ನನಗೇನೂ ಆಗುವುದಿಲ್ಲ. ಅದಕ್ಕಿಂತ ಜೋರಾಗಿ ತಾಯಂದಿರು ಗದರಿದ್ದನ್ನು ಕೇಳಿದ್ದೇನೆ.

ಆ ವರ್ಷ ಫೆಬ್ರವರಿ ಕೊನೆಗೆ ಒಂದು ಬೆಳಗ್ಗೆ ಪಕ್ಕದ ಮನೆಯ ರೋವೀನಾ ಸ್ಟಿನೆಟ್ ಹಿಂದಿನ ಬಾಗಿಲಿನಿಂದ ನುಗ್ಗಿದಳು. ಮೈಮೇಲೆ ಇನ್ನೂ ರಾತ್ರಿಯ ಗೌನು.

"ಗುರುವಾರದ ಆಟಾನ ಶನಿವಾರಕ್ಕೆ ಹಾಕೋಕೆ ಇವರ್ಯಾರು ಕಣೆ ಓಪಲ್? ಕಾಲೇಜು ಯಾರದು?"

"ಕಾಲೇಜು ನಮ್ಮದು. ಆಟ ಅವರದು."

"ಅದು ಹ್ಯಾಗೆ?"

"ನಿನ್ನ ದೋಣೀಲಿ ಒಲೆ ಯಾರ ಕೈಲಿದೆ?"

"ನನ್ನ ಕೈಲಿ."

"ಊಟದ ಹೊತ್ತು ಗೊತ್ತು ಮಾಡೋರು?"

"ಕ್ಯಾಪ್ಟನ್ನು."

"ಹಾಗೇ ಇದೂ. ಕೂತ್ಕೋ, ಕಾಫಿ ಕುಡಿ."

ರೋವೀನಾ ಟೋಬೋಟಿನಲ್ಲಿ ಅಡಿಗೆಯವಳು. ಕಲ್ಲಿದ್ದಲು, ಜೋಳ ತುಂಬಿದ ಬಾರ್ಜುಗಳೆಂಬ ಸರಕು ತೆಪ್ಪಗಳನ್ನು ಓಹಿಯೋ ನದಿಯ ಮೇಲೆ ದೂಡಿಕೊಂಡು ಹೋಗುತ್ತವಲ್ಲ, ಆ ದೋಣಿಗಳು. ಒಂದು ತಿಂಗಳು ನೀರಿನ ಮೇಲೆ, ಒಂದು ತಿಂಗಳು ಮನೆಯಲ್ಲಿ. ಹತ್ತಿದ ಮೇಲೆ ನಡುವೆ ಇಳಿಯುವ ಮಾತಿಲ್ಲ. ಅವಳ ಮಗ ಡೆಲ್ಬರ್ಟ್ ನಮ್ಮ ತಂಡದಲ್ಲಿದ್ದ. ಇದ್ದ ಎಂದರೆ ಬೆಂಚಿನ ಕಟ್ಟಕಡೆಯ ಕುರ್ಚಿಯಲ್ಲಿದ್ದ. ಅವನಿಗೆ ವಿದ್ಯಾರ್ಥಿವೇತನ ಇರಲಿಲ್ಲ, ಹೆಸರಿರಲಿಲ್ಲ. ಅಭ್ಯಾಸದಲ್ಲಿ ಎದುರಾಳಿಗಳ ವೇಷ ಹಾಕಿ ನಮ್ಮ ಹುಡುಗರಿಂದ ಗುದ್ದಿಸಿಕೊಳ್ಳುವುದೇ ಅವನ ನಾಲ್ಕು ವರ್ಷದ ಸೇವೆ. ಗೆಲುವು ಖಾತ್ರಿಯಾದ ಮೇಲೆ ಎರಡು ಸಲ ಕೊನೆಯ ಗಳಿಗೆಯಲ್ಲಿ ಅವನನ್ನು ಆಟಕ್ಕೆ ಇಳಿಸಿದ್ದರು. ಎರಡು ಸಲವೂ ತಾಯಿ ನದಿಯ ಮೇಲಿದ್ದಳು.

ಆದರೆ ನಮ್ಮಲ್ಲಿ ಒಂದು ಪದ್ಧತಿಯಿದೆ. ಊರಿನಲ್ಲಿ ನಡೆಯುವ ವರ್ಷದ ಕೊನೆಯ ಪಂದ್ಯದಲ್ಲಿ, ಓದು ಮುಗಿಸಿ ಹೊರಡುವ ಹುಡುಗರೇ ಮೊದಲ ಐವರು. ಆಡಬಲ್ಲವನೋ ಅಲ್ಲವೋ ಯಾರೂ ಕೇಳುವುದಿಲ್ಲ. ಮೊದಲ ಸೀಟಿ ಬೀಳುವ ತನಕ ಅಂಕಣ ಅವರದು. ಸೀಟಿ ಬಿತ್ತೆಂದರೆ ಡೆಲ್ಬರ್ಟನಂಥವರು ಹೊರಗೆ ಬರುತ್ತಾರೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ನಿಜವಾದ ಆಟ. ರೋವೀನಾ ಆ ಗುರುವಾರವನ್ನು ಲೆಕ್ಕ ಹಾಕಿಕೊಂಡೇ ತನ್ನ ಪಾಳಿ ಹೊಂದಿಸಿಕೊಂಡಿದ್ದಳು. ಶುಕ್ರವಾರ ಬೆಳಗ್ಗೆ ಅವಳು ದೋಣಿ ಹತ್ತಬೇಕು. ಈಗ ಟಿವಿಯವರು ಪಂದ್ಯವನ್ನು ಶನಿವಾರಕ್ಕೆ ಎತ್ತಿ ಹಾಕಿದ್ದರು.

"ಯಾಕಂತೆ?" ಎಂದಳು.

"ನಾವೂ ಈಸ್ಟ್ ಡನ್‌ಮೋರೂ ಲೀಗಿನಲ್ಲಿ ಸಮಸಮ ಇದೀವಿ. ಗೆದ್ದೋರಿಗೆ ಪ್ರಶಸ್ತಿ. ಅಂಥಾ ಆಟಾನ ಗುರುವಾರ ಯಾರು ನೋಡ್ತಾರೆ? ಶನಿವಾರ ಮಧ್ಯಾಹ್ನ ಊರೆಲ್ಲ ಸೋಫಾ ಮೇಲೆ ಬಿದ್ದಿರುತ್ತೆ."

"ನಮ್ಮ ಪ್ರಿನ್ಸಿಪಾಲರು ಒಂದು ಮಾತು ಆಗಲ್ಲ ಅನ್ನಬಾರದಾ?"

"ಅವರ ಹತ್ರ ಏನಿದೆ ಅನ್ನೋಕೆ? ಲೀಗಿನ ಹತ್ತು ಕಾಲೇಜೂ ಸೇರಿ ತಮ್ಮ ತಮ್ಮ ಅಂಗಳದ ಆಟಾನೆಲ್ಲ ಒಂದೇ ಮೂಟೆ ಕಟ್ಟಿ ಚಾನೆಲ್‌ಗೆ ಮಾರಿದಾವೆ. ಯಾವ ಆಟ, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲ ಅವರೇ ಆರಿಸ್ತಾರೆ. ಒಳ್ಳೇದು ದೊಡ್ಡ ಚಾನೆಲ್‌ಗೆ, ಉಳಿದ ಹೊಟ್ಟು ಫೋನಿನ ಆ್ಯಪ್‌ಗೆ. ನಮ್ಮದು ಅಂತ ಉಳಿದಿರೋದು ರೇಡಿಯೋ ಒಂದೇ."

ಪತ್ರಿಕೆಯವರು ಇದನ್ನು ತವರಿನ ಪಂದ್ಯ ಎಂದು ಬರೆಯುತ್ತಾರೆ. ಎಂಥ ತವರು! ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನುವ ಹಾಗೆ, ಹಕ್ಕು ಮಾರಿದ ಪಂದ್ಯ ನಮ್ಮ ಅಂಗಳದಲ್ಲೇ ನಡೆದರೂ ನಮ್ಮದಲ್ಲ. ನಮ್ಮ ಕಾಲೇಜಿನವರೇ ಒಂದು ಕ್ಯಾಮೆರಾ ಇಟ್ಟು ಊರಿಗೆ ತೋರಿಸಿದರೆ ಅದು ಕಳ್ಳತನವಾಗುತ್ತದೆ.

ಅವಳು ಕಾಫಿ ಮುಟ್ಟಲಿಲ್ಲ. ಆಗ ನನಗೆ ಹೊಳೆಯಿತು.

"ಏ ರೋವೀನಾ, ದೊಡ್ಡ ಚಾನೆಲ್‌ನಲ್ಲಿ ಬರುತ್ತಲ್ಲ! ನಿಮ್ಮ ದೋಣಿ ಅಡಿಗೆಮನೇಲಿ ಡಿಶ್ ಟಿವಿ ಇಲ್ವಾ?"

ಅವಳು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. ನಾಲ್ಕು ವರ್ಷ ನಮ್ಮ ಪಂದ್ಯಗಳೆಲ್ಲ ಆ್ಯಪ್‌ನಲ್ಲೇ ಬಂದಿದ್ದವು. ನದಿಯ ಮೇಲೆ ಇಂಟರ್‌ನೆಟ್ಟು ಒಂದು ಫೋಟೋ ಕಳಿಸಲಿಕ್ಕೂ ಏದುಸಿರು ಬಿಡುತ್ತದೆ, ಅದರಲ್ಲಿ ಆಟ ನೋಡುವುದೆಲ್ಲಿ ಬಂತು. ಡಿಶ್‌ನಲ್ಲಿ ಮಾತ್ರ ದೊಡ್ಡ ಚಾನೆಲ್ ಕನ್ನಡಿಯ ಹಾಗೆ ಕಾಣುತ್ತದೆ.

"ಮೊದಲನೇ ನಿಮಿಷದಿಂದ ತೋರಿಸ್ತಾರೆ ತಾನೆ?" ಎಂದಳು. "ನನ್ನ ಮಗ ಇರೋದೇ ಮೊದಲನೇ ನಿಮಿಷದಲ್ಲಿ ಕಣೆ. ಅವನು ಕಾಲೇಜಿನ ಬಟ್ಟೆ ತೊಟ್ಟು ಆಡೋದನ್ನ ನಾನು ಒಂದ್ ಸಲಾನಾದ್ರೂ ನೋಡ್ಬೇಕು."

"ನಾನಿಲ್ವಾ," ಎಂದೆ. ಹೇಳುವಾಗ ಸುಮ್ಮನೆ ಧೈರ್ಯಕ್ಕೆ ಹೇಳಿದ್ದು.

ಶನಿವಾರ ಮಧ್ಯಾಹ್ನ ಮೂರಕ್ಕೇ ನಮ್ಮ ಒಳಾಂಗಣ ತುಂಬಿ ತುಳುಕುತ್ತಿತ್ತು. ನಮ್ಮ ಆಟ ನಾಲ್ಕಕ್ಕೆ. ಅದೇ ಚಾನೆಲ್‌ನಲ್ಲಿ ಅದಕ್ಕೆ ಮೊದಲು ಬೇರೆ ಯಾವುದೋ ರಾಜ್ಯದ ಎರಡು ದೊಡ್ಡ ವಿಶ್ವವಿದ್ಯಾಲಯಗಳ ಪಂದ್ಯ. ಟ್ರಕ್ಕಿನೊಳಗೆ ಕೂತಿದ್ದವನ ಹೆಸರು ಟ್ರೆಂಟ್. ಅವನ ದನಿ ಮಾತ್ರ ನನಗೆ ಪರಿಚಯ, ಮುಖ ಅಲ್ಲ. ಮೂರೂವರೆಗೆ ಕಿವಿಯಲ್ಲಿ ಹೇಳಿದ: "ಮೇಡಂ, ಆ ಕಡೆ ಆಟ ನಿಧಾನ ಆಗ್ತಿದೆ. ಮಾತುಮಾತಿಗೆ ಫೌಲು. ಸ್ವಲ್ಪ ಲೇಟಾಗಬಹುದು."

"ಲೇಟಾದ್ರೆ ಕಾಯ್ತೀವಿ."

"ಹತ್ತು ನಿಮಿಷ ಕಾಯಬಹುದು ಅಂತ ಲೀಗಿನ ಕರಾರಿನಲ್ಲಿದೆ. ಅದಕ್ಕಿಂತ ಜಾಸ್ತಿ ಆದ್ರೆ ಆಟ ಶುರು ಮಾಡಿಬಿಡಿ. ಮೊದಲು ಆ್ಯಪ್‌ನಲ್ಲಿ ಹಾಕ್ತೀವಿ, ಆ ಆಟ ಮುಗಿದಾಗ ದೊಡ್ಡ ಚಾನೆಲ್ ಮಧ್ಯದಲ್ಲಿ ಬಂದು ಸೇರಿಕೊಳ್ಳುತ್ತೆ."

ಮಧ್ಯದಲ್ಲಿ ಬಂದು ಸೇರಿಕೊಳ್ಳುವುದು. ಮದುವೆ ಮನೆಗೆ ಊಟದ ಹೊತ್ತಿಗೆ ಬರುವ ನೆಂಟರ ಹಾಗೆ. ಹೊರಡುವ ಹುಡುಗರ ಮೊದಲ ಸೀಟಿ ಒಂದು ನಿಮಿಷದೊಳಗೆ ಬೀಳುತ್ತದೆ. ಆಮೇಲೆ ಚಾನೆಲ್ ಬಂದರೆಷ್ಟು ಬಿಟ್ಟರೆಷ್ಟು.

ಪಂದ್ಯಕ್ಕೆ ಮೊದಲು ಹೊರಡುವ ಹುಡುಗರು ಒಬ್ಬೊಬ್ಬರಾಗಿ ಮನೆಯವರ ಕೈ ಹಿಡಿದು ಅಂಕಣದ ನಡುವಿಗೆ ನಡೆದು ಬರುತ್ತಾರೆ. ಡೆಲ್ಬರ್ಟನ ಜೊತೆ ಅವನ ಅಜ್ಜ. ಎಂಬತ್ತು ದಾಟಿದೆ, ನಾಲ್ಕು ಕಾಲಿನ ಊರುಗೋಲು ಹಿಡಿದೇ ನಡೆಯುತ್ತಾನೆ. ನಾನು ಅವನ ಕಿವಿಯ ಬಳಿ ಬಾಗಿ, "ಆದಷ್ಟು ನಿಧಾನ ನಡೀರಿ ತಾತ," ಎಂದೆ.

"ನಾನೇನು ಓಟಕ್ಕೆ ಹೆಸರು ಕೊಟ್ಟಿದೀನಾ?" ಎಂದು ಮುದುಕ ಕಣ್ಣು ಕೆಕ್ಕರಿಸಿದ.

ಡೆಲ್ಬರ್ಟ್ ನನ್ನನ್ನು ನೋಡಿ ನಕ್ಕ. ಉದ್ದ ಕೈ, ಉದ್ದ ಕಾಲು, ದೊಡ್ಡ ಕಿವಿ, ಯಾವುದೂ ಒಂದಕ್ಕೊಂದು ಹೊಂದದ ಹುಡುಗ. "ಮಿಸ್ ಓಪಲ್, ಅಮ್ಮನ ದೋಣಿ ಪಡೂಕಾ ಊರು ದಾಟಿದೆಯಂತೆ. ಅಡಿಗೆಮನೇಲಿ ಎಲ್ಲರನ್ನೂ ಕೂರಿಸಿದಾಳಂತೆ. ಟಿವಿ ಸರಿಯಾಗಿ ಬರುತ್ತೆ ಅಲ್ವಾ?"

"ನೀನು ಚೆಂಡು ಸರಿಯಾಗಿ ಹಿಡಿ. ಟಿವಿ ಚಿಂತೆ ನನಗೆ ಬಿಡು."

ಅಜ್ಜ ಮಾತಿಗೆ ತಪ್ಪಲಿಲ್ಲ. ಅಂಕಣದ ನಡುವಿನಲ್ಲಿ ನಿಂತು ಬೆವರು ಒರೆಸಿಕೊಂಡ, ಯಾರೋ ಹಳೆಯ ಪರಿಚಯದವರನ್ನು ಕಂಡು ಕೈ ಬೀಸಿದ. ಆದರೂ ಎಷ್ಟು ಹೊತ್ತು? ನಾಲ್ಕಾಯಿತು, ಹತ್ತು ನಿಮಿಷದ ಗಡುವೂ ಮುಗಿಯಿತು. ಹುಡುಗರು ಬಿಸಿಯಾಗಿ, ಬೆವರಿ, ಮತ್ತೆ ತಣ್ಣಗಾಗಿ ನಿಂತಿದ್ದರು. ಆ ಕಡೆಯ ಆಟ ಸಮವಾಗಿ ಹೆಚ್ಚುವರಿ ಅವಧಿಗೆ ಹೋಗಿತ್ತು. ಅದೂ ಸಮವಾಗಿ ಇನ್ನೊಂದಕ್ಕೆ ಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ ಇರಬೇಕು.

"ಮೇಡಂ, ಆಗಲ್ಲ," ಎಂದ ಟ್ರೆಂಟ್. "ಶುರು ಮಾಡಿ. ನಾವು ಆ್ಯಪ್‌ನಲ್ಲಿದೀವಿ."

ರೆಫರಿ ಆರ್ವಿಲ್ ಲೈಲ್ಸ್ ಚೆಂಡು ಹಿಡಿದು ನಡುವೃತ್ತದಲ್ಲಿ ನಿಂತು ನನ್ನ ಕಡೆ ನೋಡಿದ. ಹತ್ತು ಹುಡುಗರು ಸುತ್ತ ನಿಂತಿದ್ದರು. ಅವರಲ್ಲಿ ಡೆಲ್ಬರ್ಟನೂ ಒಬ್ಬ. ಅಂಗೈಗಳನ್ನು ಚಡ್ಡಿಗೆ ಉಜ್ಜುತ್ತಿದ್ದ.

ನಾನು ಕೈ ಕಟ್ಟಿಕೊಂಡೇ ನಿಂತೆ.

"ಮೇಡಂ, ಕೇಳಿಸ್ತಾ? ಶುರು ಅಂದೆ."

ಕೇಳಿಸಿತ್ತು. ಯೋಚನೆ ಮಾಡಿ ತೂಗಿ ನೋಡಿ ನಿಂತೆ ಎಂದರೆ ಸುಳ್ಳಾಗುತ್ತದೆ. ನನಗೆ ಸಿಟ್ಟು ಬಂದಿತ್ತು. ತಾಯಿ ಕೂತು ನೋಡಬೇಕಿದ್ದ ಗುರುವಾರವನ್ನು ಕಿತ್ತುಕೊಂಡವರು ಇವರು. ಬದಲಿಗೆ ಕೊಟ್ಟ ಶನಿವಾರವನ್ನೂ ಈಗ ಕಿತ್ತುಕೊಳ್ಳುತ್ತಿದ್ದರು. ಅದಕ್ಕೆ ನನ್ನ ಕೈಯನ್ನೇ ಬಳಸುತ್ತಿದ್ದರು. ನನ್ನ ಕೈ ಇಳಿಯಲಿಲ್ಲ, ಅಷ್ಟೇ.

ಆರ್ವಿಲ್ ನನ್ನ ಬಳಿ ಬಂದ. ನಾವಿಬ್ಬರೂ ಜೋಡಿಯಾಗಿ ಎಷ್ಟೋ ಹೈಸ್ಕೂಲು ಪಂದ್ಯ ನಡೆಸಿದವರು. ನನ್ನ ಮುಖ ನೋಡಿದರೆ ಒಳಗಿನ ಸಂಗತಿ ಅವನಿಗೆ ತಿಳಿಯುತ್ತದೆ.

"ಏನಮ್ಮ ಓಪಲ್, ಏನು ವಿಷಯ?"

"ಟಿವಿ ಇನ್ನೂ ಬಂದಿಲ್ಲ," ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಟ್ರಕ್ಕಿನವನು ಅಷ್ಟು ಜೋರಾಗಿ ಕಿರುಚ್ತಿರೋದು ನನಗೂ ಕೇಳಿಸ್ತಿದೆ."

"ಅವನ ಗಂಟಲು ಅವನದು."

ಆರ್ವಿಲ್ ಒಮ್ಮೆ ಡೆಲ್ಬರ್ಟನ ಕಡೆ ನೋಡಿದ, ಒಮ್ಮೆ ನನ್ನ ಕಡೆ ನೋಡಿದ. ರೋವೀನಾ ಯಾವ ದೋಣಿಯಲ್ಲಿದ್ದಾಳೆ ಎಂದು ನಮ್ಮ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಹಿಂತಿರುಗಿ ನಡುವೃತ್ತಕ್ಕೆ ಹೋದ.

ಡನ್‌ಮೋರಿನ ಕೋಚ್ ಕೋಟು ಬಿಚ್ಚಿ ಬೆಂಚಿನ ಮೇಲೆ ಎಸೆದು, "ನಮ್ಮ ಹುಡುಗರ ಕಾಲು ಮರಗಟ್ಟೋವರೆಗೂ ನಿಲ್ಲಿಸ್ತೀರೇನ್ರೀ?" ಎಂದು ಕೂಗಿದ. ನಮ್ಮ ಕೋಚ್ ಪೋಗ್ ಅವನ ಜೊತೆ ಸೇರಿ ಟಿವಿಯವರ ವಂಶವನ್ನೆಲ್ಲ ಜಾಲಾಡಿದ. ಜನ "ಆಟ! ಆಟ!" ಎಂದು ಕಾಲು ಅಪ್ಪಳಿಸತೊಡಗಿದರು. ಕಿವಿಯೊಳಗೆ ಟ್ರೆಂಟ್, "ನಿಮಗೇನಾಗಿದೆ? ಯಾರಾದರೂ ಆ ಹೆಂಗಸಿನ ಕೈ ಬಿಚ್ಚಿಸ್ರೋ!" ಎನ್ನುತ್ತಿದ್ದ. ನಾನು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡೆ. ಎದುರು ಬದಿಯಲ್ಲಿ ಕೂತಿದ್ದ ವೀಕ್ಷಕ ವಿವರಣೆಗಾರನಿಗೆ ಟ್ರಕ್ಕಿನಿಂದ ಅಪ್ಪಣೆ ಹೋಗಿರಬೇಕು, ಅವನು ಎದ್ದು ನಿಂತು ಆರ್ವಿಲ್‌ಗೆ ಎರಡು ಕೈಯಲ್ಲೂ ಸನ್ನೆ ಮಾಡಿದ. ಆರ್ವಿಲ್ ಆ ಕಡೆಗೆ ಬೆನ್ನು ತಿರುಗಿಸಿ, ಮೊಣಕಾಲೂರಿ ಕೂತು ತನ್ನ ಶೂ ಲೇಸು ಬಿಚ್ಚಿದ. ಮತ್ತೆ ಕಟ್ಟಿದ. ಆಮೇಲೆ ಇನ್ನೊಂದು ಕಾಲಿನದು. ಇಷ್ಟು ಅಚ್ಚುಕಟ್ಟಾಗಿ ಲೇಸು ಕಟ್ಟಿದ ಗಂಡಸನ್ನು ನಾನು ಕಂಡಿಲ್ಲ.

ನಾನು ರೆಫರಿಯಾಗಿದ್ದಷ್ಟು ವರ್ಷವೂ ನಿಯಮ ಎಂದರೆ ನಿಯಮ ಎಂದವಳು. ಗಂಡನ ತಂಗಿಯ ಮಗಳನ್ನೂ ಫೌಲಿಗೆ ಹೊರಗೆ ಕಳಿಸಿದವಳು.

ಕೊನೆಗೆ ಸ್ಕೋರು ಬರೆಯುವ ಮೇಜಿನ ಮೇಲಿದ್ದ ಪುಟ್ಟ ಟಿವಿಯಲ್ಲಿ ಆ ಕಡೆಯ ಆಟ ಮುಗಿಯಿತು. ತಕ್ಷಣ ನಾವು ಬರಲಿಲ್ಲ, ಮೊದಲು ಜಾಹೀರಾತು. ಪಿಕಪ್ ಟ್ರಕ್ಕು, ವಿಮೆ, ಮಂಡಿನೋವಿನ ಮುಲಾಮು. ಮೂಗಿಗಿಂತ ಮೂಗುತಿ ಭಾರ. ಮುಲಾಮು ಹಚ್ಚಿಕೊಂಡ ಮುದುಕಿ ಕುಣಿದು ಮುಗಿಸಿದ ಮೇಲೆ ತೆರೆಯ ಮೇಲೆ ನಮ್ಮ ಅಂಕಣ, ನಮ್ಮ ಹಳದಿ ಗೋಡೆ, ನಮ್ಮ ಜನ ಕಾಣಿಸಿದರು. ನಾನು ಕೈ ಇಳಿಸಿದೆ.

ಆರ್ವಿಲ್ ಚೆಂಡು ಎಸೆದ. ಅದು ನಮ್ಮವರಿಗೇ ಸಿಕ್ಕಿತು. ಪೋಗ್ ಮೊದಲೇ ಹೇಳಿಕೊಟ್ಟಿದ್ದಂತೆ ನಮ್ಮ ಹುಡುಗರು ಎರಡು ಕೈ ದಾಟಿಸಿ ಮೂಲೆಯಲ್ಲಿದ್ದ ಡೆಲ್ಬರ್ಟನಿಗೆ ಕೊಟ್ಟರು. ಎದುರಿಗೆ ಯಾರೂ ಇರಲಿಲ್ಲ. ಅವನು ಎಸೆದ ಚೆಂಡು ಬುಟ್ಟಿಯನ್ನಿರಲಿ, ಅದರ ಬಲೆಯನ್ನೂ ಮುಟ್ಟದೆ ಆಚೆ ಬಿತ್ತು. ಡನ್‌ಮೋರಿನವರು ಎತ್ತಿಕೊಂಡು ಓಡಿದರು. ಡೆಲ್ಬರ್ಟ್ ಅವರ ಅತಿ ವೇಗದ ಹುಡುಗನ ಹಿಂದೆ ತನ್ನ ಹೊಂದದ ಕೈಕಾಲುಗಳನ್ನೆಲ್ಲ ಬೀಸಿಕೊಂಡು ಓಡಿದ. ಓಡಿ ಹಿಡಿದುಬಿಟ್ಟ! ಆ ಹುಡುಗ ಬುಟ್ಟಿಗೆಂದು ಹಾರಿ ಎತ್ತಿದ ಚೆಂಡನ್ನು ಹಿಂದಿನಿಂದ ನೆಗೆದು ಗೋಡೆಗೆ ಅಪ್ಪಳಿಸುವ ಹಾಗೆ ಹೊಡೆದ. ಚೆಂಡು ಗೆರೆಯಾಚೆ ಹೋಯಿತು. ಸೀಟಿ ಬಿತ್ತು.

ಅಷ್ಟೇ ಅವನ ಆಟ. ಪೋಗ್ ಅವನನ್ನು ಹೊರಗೆ ಕರೆದ. ಜನ ಎದ್ದು ನಿಂತರು. ಮೇಜಿನ ಟಿವಿಯಲ್ಲಿ ಅವನ ಮುಖ ತೆರೆಯ ತುಂಬ ಇತ್ತು, ಕೆಂಪಗೆ, ಬಾಯಿ ತೆರೆದು, ಅಳುವೋ ನಗುವೋ ಗೊತ್ತಾಗದ ಹಾಗೆ. ನಾನು ಮಾತ್ರ ಅತ್ತೆ. ಸ್ಕೋರು ಬರೆಯುವವನು ನನಗೆ ತನ್ನ ಕರ್ಚೀಫು ಕೊಟ್ಟ.

ಆ ಪಂದ್ಯವನ್ನು ನಾವು ಸೋತೆವು. ನಿಂತು ನಿಂತು ತಣ್ಣಗಾಗಿದ್ದ ನಮ್ಮ ಒಳ್ಳೆಯ ಹುಡುಗರ ಕೈಯಿಂದ ಮೊದಲರ್ಧದಲ್ಲಿ ಒಂದು ಚೆಂಡೂ ನೆಟ್ಟಗೆ ಬುಟ್ಟಿಗೆ ಬೀಳಲಿಲ್ಲ. ಅಷ್ಟೇ ಹೊತ್ತು ನಿಂತಿದ್ದ ಡನ್‌ಮೋರಿನವರು ಬೇಗ ಬಿಸಿಯೇರಿ, ಗೆದ್ದು, ಪ್ರಶಸ್ತಿ ಹೊತ್ತುಕೊಂಡು ಬಸ್ಸು ಹತ್ತಿದರು. ಊರೆಲ್ಲ ಟಿವಿಯವರಿಗೆ ಹಿಡಿಶಾಪ ಹಾಕಿತು, "ಜಾಹೀರಾತಿಗೋಸ್ಕರ ನಮ್ಮ ಮಕ್ಕಳನ್ನ ಕಲ್ಲಿನ ಹಾಗೆ ನಿಲ್ಲಿಸಿದ್ರು" ಎಂದು. ನಾನು ಬಾಯಿ ಬಿಡಲಿಲ್ಲ. ಆರ್ವಿಲ್ ಕೂಡ ಬಿಡಲಿಲ್ಲ. ಸೋಲಿನಲ್ಲಿ ನನ್ನ ಪಾಲೆಷ್ಟು ಎಂಬುದು ನನಗೆ ಗೊತ್ತಿದೆ, ಅದಕ್ಕೆ ಬೇಜಾರೂ ಇದೆ. ಮತ್ತೆ ಅದೇ ಗಳಿಗೆ ಬಂದರೆ ಮತ್ತೆ ಕೈ ಕಟ್ಟಿಕೊಂಡೇ ನಿಲ್ಲುತ್ತೇನೆ. ವಾರ ಕಳೆಯುವುದರೊಳಗೆ ಚಾನೆಲ್‌ನಿಂದ ಫೋನು ಬಂತು. ಮುಂದಿನ ವರ್ಷಕ್ಕೆ ಬೇರೆಯವರನ್ನು ನೋಡಿಕೊಂಡಿದ್ದೇವೆ ಎಂದು ಒಬ್ಬಳು ಹುಡುಗಿ ಬಹಳ ವಿನಯದಿಂದ ಹೇಳಿದಳು. ಕಾರಣ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಏಪ್ರಿಲ್‌ನಲ್ಲಿ ರೋವೀನಾ ದೋಣಿಯಿಂದ ಇಳಿದು ಬಂದಳು. ಮನೆಗೂ ಹೋಗದೆ ನೇರ ನನ್ನ ಹಿಂದಿನ ಬಾಗಿಲಿಗೆ. ಕೈಯಲ್ಲಿ ಬಟ್ಟೆ ಸುತ್ತಿದ ಪಾತ್ರೆ.

"ನೋಡಿದೆ ಕಣೆ!" ಎಂದಳು. "ಮೊದಲನೇ ಎಸೆತದಿಂದ ನೋಡಿದೆ. ಆ ಚೆಂಡನ್ನ ಹಿಂದಿನಿಂದ ಬಂದು ಹ್ಯಾಗೆ ಹೊಡೆದ ನೋಡಿದ್ಯಾ? ನಮ್ಮ ಇಂಜಿನ್ ರೂಮಿನವನು ಕುರ್ಚಿ ಮೇಲೆ ಹತ್ತಿ ಕೂಗಿದ. ಕ್ಯಾಪ್ಟನ್ನು ದೋಣಿ ಹಾರನ್ನು ಹೊಡೆದ, ದಡದಲ್ಲಿದ್ದೋರೆಲ್ಲ ಏನಾಯ್ತೋ ಅಂತ ಹೆದರಿಬಿಟ್ರು."

"ಮೊದಲನೇ ಎಸೆತ ಬಲೇನೂ ಮುಟ್ಟಲಿಲ್ಲ," ಎಂದೆ.

"ಅದನ್ನೇನು ಹೇಳ್ತೀಯ, ಗಾಳಿ ಇತ್ತು ಅನ್ಸುತ್ತೆ."

"ಒಳಾಂಗಣದಲ್ಲಾ?"

"ಸುಮ್ನಿರೆ." ಅವಳು ಕೂತು ಕಣ್ಣೊರೆಸಿಕೊಂಡಳು. "ಓಪಲ್, ನೀನು ಯಾವಾಗ್ಲೂ ಆ ಟಿವಿಯವರನ್ನ ಬೈತೀಯ. ಊರೂ ಬೈತಿದೆ. ನಾನು ಮಾತ್ರ ಬೈಯಲ್ಲ. ಆ ಕಡೆ ಆಟ ಮುಗಿಯೋವರೆಗೂ ನನ್ನ ಜೀವ ಬಾಯಿಗೆ ಬಂದಿತ್ತು, ಇನ್ನೇನು ಹೋಯ್ತು ಅಂದ್ಕೊಂಡೆ. ಆದ್ರೆ ಅವರು ಕಾದ್ರು ಕಣೆ. ಅಷ್ಟು ದೊಡ್ಡ ಕಂಪನಿ, ನಮ್ಮಂಥೋರಿಗೆ ಅಂತ ಕಾದ್ರು. ಎಲ್ಲೋ ಒಬ್ಬ ಪುಣ್ಯಾತ್ಮ ಇರ್ತಾನೆ ಅಲ್ವಾ?"

ಕಾದದ್ದು ಅವರಲ್ಲ, ನಾನು ಎನ್ನಲು ಬಾಯಿ ತೆರೆದೆ. ಜೀವಮಾನದಲ್ಲಿ ಎದುರಿನವರಿಗೆ ಉತ್ತರ ಕೊಡದೆ ಬಿಟ್ಟವಳಲ್ಲ ನಾನು. ಹೇಳಿದರೆ ಏನಾಗುತ್ತದೆ? ಮಗನ ಒಂದು ನಿಮಿಷಕ್ಕೆ ಪ್ರಶಸ್ತಿ ಹೋಯಿತು ಎಂದು ತಿಳಿಯುತ್ತದೆ. ನನ್ನ ಕೆಲಸ ಹೋಯಿತು ಎಂದು ತಿಳಿಯುತ್ತದೆ. ಆಮೇಲೆ ಅವಳು ಆ ನಿಮಿಷವನ್ನು ನೆನೆದಾಗಲೆಲ್ಲ ಅದರ ಜೊತೆ ಇದೂ ನೆನಪಾಗುತ್ತದೆ.

"ಇರ್ತಾರೆ," ಎಂದೆ. "ಅವರಲ್ಲೂ ಅಪರೂಪಕ್ಕೆ ಒಳ್ಳೆಯವರಿರ್ತಾರೆ."

ಅವಳು ಪಾತ್ರೆಯ ಬಟ್ಟೆ ಬಿಚ್ಚಿ ಮೇಜಿನ ಮೇಲೆ ಇಟ್ಟಳು. ಪೆಕಾನ್ ಬೀಜ ತುಂಬಿದ ಸಿಹಿ ಪೈ, ಇಳಿಯುವ ಮೊದಲು ದೋಣಿಯ ಒಲೆಯಲ್ಲೇ ಬೇಯಿಸಿದ್ದು, ತಳ ಇನ್ನೂ ಬೆಚ್ಚಗಿತ್ತು.

"ಇದು ನಿನಗಲ್ಲ ಮತ್ತೆ," ಎಂದಳು. "ಆ ಟ್ರಕ್ಕಿನವರಿಗೆ. ಮುಂದಿನ ಸಲ ಅವರು ಬಂದಾಗ ಹೊಸದು ಮಾಡಿ ಕಳಿಸ್ತೀನಿ, ಸದ್ಯ ಇದನ್ನ ಹ್ಯಾಗಾದ್ರೂ ಮುಟ್ಟಿಸು. ಡೆಲ್ಬರ್ಟನ ತಾಯಿ ಕೊಟ್ಟಳು ಅಂತ ಹೇಳು."

"ಮುಟ್ಟಿಸ್ತೀನಿ," ಎಂದೆ.

ಅವಳು ಹೋದ ಮೇಲೆ ಆರ್ವಿಲ್‌ಗೆ ಫೋನು ಮಾಡಿದೆ. ಅವನು ಬಂದ. ಇಬ್ಬರೂ ಅಡಿಗೆಮನೆಯ ಮೇಜಿಗೆ ಕೂತು, ಒಂದು ಚೂರೂ ಬಿಡದೆ ತಿಂದೆವು.